ದಕ್ಷಿಣಕ್ಕೆ ಹೊರಟ ಮನೆ

ಸರ್ವೆಯರ್ ಸಾಹೇಬರ ಮನೆ ದಕ್ಷಿಣಕ್ಕೆ ಜರುಗುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಗೋಡೆಯಲ್ಲಿ ಒಂದು ಬಿರುಕೂ ಇರಲಿಲ್ಲ. ಆದರೆ ತಾರಸಿಯ ಮೇಲೆ ಕಚೇರಿಯವರು ಕೂರಿಸಿದ್ದ ಯಂತ್ರ ಹಾಗೆನ್ನುತ್ತಿತ್ತು. ಉಪಗ್ರಹಗಳ ಸಿಗ್ನಲ್ ಹಿಡಿದು, ತಾನಿರುವ ಜಾಗವನ್ನು ಕೂದಲೆಳೆಯಷ್ಟೂ ತಪ್ಪದೆ ಹೇಳುವ ಯಂತ್ರ ಅದು. ಹೆಂಡತಿಯ ಮಾತನ್ನು ಬೇಕಾದರೆ ಅನುಮಾನಿಸಬಹುದು, ಯಂತ್ರದ ಮಾತನ್ನಲ್ಲ (ಇದನ್ನು ಅವರು ಹೆಂಡತಿಯ ಎದುರು ಹೇಳಿರಲಿಲ್ಲ).

ಭಾನುವಾರ ಹೆಂಡತಿ ಯಂತ್ರದ ಆಂಟೆನಾದ ಪಕ್ಕದಲ್ಲೇ ಒದ್ದೆ ರಗ್ಗು ಒಣಹಾಕಿದ್ದಳು. ಸಿಗ್ನಲ್‌ಗೆ ಅಡ್ಡವಾಗಿ ಲೆಕ್ಕ ತಪ್ಪಿತು. ಸಾಹೇಬರು ಕೆಂಡಾಮಂಡಲವಾದರು. ತಾರಸಿಯಲ್ಲಿ ಬಟ್ಟೆ ಒಣಹಾಕಬಾರದೆಂದು ನಿಷೇಧಾಜ್ಞೆ ಹೊರಟಿತು. ಅದರ ಜಾರಿಗೆ ಸ್ವತಃ ರಜೆ ಹಾಕಿ, ಆಂಟೆನಾದ ಪಕ್ಕ ಕುರ್ಚಿ ಎಳೆದುಕೊಂಡು, ಬಿಸಿಲಿಗೆ ಮರೆಯಾಗಿ ಹಳೇ ಕಬ್ಬಿಣದ ಬೀರುವಿನ ಬಾಗಿಲೊಂದನ್ನು ನಿಲ್ಲಿಸಿಕೊಂಡು ಕಾವಲು ಕೂತರು.

ಸೋಮವಾರ ಒಂದು ಗಂಟೆ ಕಾದರು. ದಿನದ ಸರಾಸರಿ ಒಂದು ಸೆಂಟಿಮೀಟರ್ ದಕ್ಷಿಣಕ್ಕೆ. ಮಂಗಳವಾರ ಎರಡು ಗಂಟೆ, ಎರಡು ಸೆಂಟಿಮೀಟರ್. ಬುಧವಾರ ಬೆಳಗಿನಿಂದ ಊಟದ ಹೊತ್ತಿನವರೆಗೆ ಕದಲದೆ ಕೂತರು. ಮನೆ ಐದು ಸೆಂಟಿಮೀಟರ್ ಕದಲಿತು. ಇನ್ನೂ ಬಣ್ಣದ ವಾಸನೆ ಹೋಗದ ಹೊಸ ಮನೆ. ಕಟ್ಟಿಸಿಕೊಟ್ಟವರು ಬೇರೆ ಯಾರೂ ಅಲ್ಲ, ಕಂಟ್ರಾಕ್ಟರ್ ಮಾವನವರು. ಸಾಹೇಬರು ಫೋನ್ ಎತ್ತಿದವರೇ, "ನಿಮ್ಮ ಅಡಿಪಾಯ ಕೈಕೊಟ್ಟಿದೆ, ಬಂದು ಅಗೆಸಿ ನೋಡಿ!" ಎಂದು ಗುಡುಗಿದರು.

ಹೆಂಡತಿಯ ಮುಖ ಕೆಂಪೇರಿತು. "ನಮ್ಮಪ್ಪ ಕಟ್ಟಿದ ಗೋಡೆ ಇಲ್ಲೀವರೆಗೆ ಒಂದೂ ಬಿದ್ದಿಲ್ಲ."

"ಬಿದ್ದಿಲ್ಲ ಕಣೇ, ಹೊರಟುಬಿಟ್ಟಿದೆ!"

"ಎಷ್ಟು ಹೊತ್ತಿಗೆ ಹೊರಡ್ತು? ತೋರಿಸಿ ನೋಡೋಣ."

ಸಾಹೇಬರು ಈವರೆಗೆ ದಿನದ ಸರಾಸರಿಯನ್ನಷ್ಟೇ ನೋಡಿ ಹೌಹಾರಿದ್ದರು. ಈಗ ಲ್ಯಾಪ್‌ಟಾಪಿನಲ್ಲಿ ಗಂಟೆ ಗಂಟೆಯ ಲೆಕ್ಕ ತೆರೆದರು. ಹೆಂಡತಿ ಪರದೆಯ ಮೇಲೆ ಬೆರಳಿಟ್ಟಳು.

"ರಾತ್ರಿಯೆಲ್ಲಾ ಸುಮ್ನಿದೆ. ಬೆಳಿಗ್ಗೆ ಎಂಟಕ್ಕೆ ಹೊರಟಿದೆ. ಮಧ್ಯಾಹ್ನ ಒಂದಕ್ಕೆ ವಾಪಸ್ ಬಂದಿದೆ. ಒಂದು ಗಂಟೆಗೆ ನೀವೇನ್ ಮಾಡಿದ್ರಿ?"

"ಬಾಗಿಲನ್ನ ಮಲಗಿಸಿ ಊಟಕ್ಕೆ ಕೆಳಗಿಳಿದೆ..."

"ಓಹೋ, ಮನೇನೂ ಊಟಕ್ಕೆ ಬಂತಾ?"

ಸಾಹೇಬರಿಗೆ ಆಗ ಹೊಳೆಯಿತು. ರಗ್ಗು ಮರೆ ಮಾಡಿದ್ದು ಅಂಗೈಯಗಲ ಆಕಾಶ. ಕಬ್ಬಿಣದ ಬಾಗಿಲು ಅರ್ಧ ಆಕಾಶವನ್ನೇ ನುಂಗಿತ್ತು. ಅದರಾಚೆಯ ಉಪಗ್ರಹಗಳು ಕೂಗಿದ್ದೊಂದೂ ಯಂತ್ರಕ್ಕೆ ತಲುಪಿರಲಿಲ್ಲ. ಇನ್ನು ಅಳಿದುಳಿದದ್ದಕ್ಕೆ ಸಾಹೇಬರ ಭಾರೀ ಶರೀರ ಅಡ್ಡ. ನಾಚಿಕೆಯಾಯಿತು ನಿಜ, ಆದರೆ ಅದಕ್ಕೂ ಮೊದಲು ಜೀವ ತಣ್ಣಗಾಯಿತು. ಮನೆ ಇದ್ದಲ್ಲೇ ಇದೆ! ಹಜಾರದ ಗೋಡೆಯನ್ನು ಎರಡೂ ಕೈಯಿಂದ ಸವರಿ, ಕೆನ್ನೆಯೊತ್ತಿ ನಿಂತರು.

ಅಷ್ಟರಲ್ಲಿ ಗೇಟು ಸದ್ದಾಯಿತು. ಹಾರೆ, ಗುದ್ದಲಿ ಹೊತ್ತ ನಾಲ್ವರು ಕೆಲಸಗಾರರ ಮುಂದೆ ಮಾವನವರು ಮುಖ ಗಂಟಿಕ್ಕಿಕೊಂಡು ನಿಂತಿದ್ದರು.

"ಎಲ್ಲಿ ಅಗೀಬೇಕು ತೋರಿಸಿ, ಅಳಿಯಂದ್ರೆ."

ಅಳಿಯಂದಿರು ಗೋಡೆ ಬಿಟ್ಟು ನೆಲ ನೋಡತೊಡಗಿದರು.

"ಅಗಿಯೋದೇನೂ ಬೇಡಪ್ಪಾ," ಎಂದಳು ಮಗಳು. "ತಾರಸಿ ಮೇಲೊಂದು ಬೀರು ಬಾಗಿಲಿದೆ, ಅದನ್ನ ಇಳಿಸಿಕೊಡಿ ಸಾಕು. ಇವರನ್ನ ಆಗ್ಲೇ ನಾನು ಇಳಿಸಿದ್ದೀನಿ."