ಗೌರಾಬಾಯಿಯವರ ಮೋಟರು ತಗ್ಗಿದ ದಿನ

ಅಫಜಲಪುರದ ಗೌರಾಬಾಯಿಯವರು ತಮ್ಮ ಮೋಟರಿನೊಳಗೆ ಕುಂಬಳಕಾಯಿಯಂತೆ ಉರುಳಿದ್ದೇ ಎಲ್ಲಕ್ಕೂ ಕಾರಣ. ತಿರುವಿನಲ್ಲಿ ಮೋಟರು ವಾಲಿತು. ಅವರು ಸೀಟಿನ ಈ ತುದಿಯಿಂದ ಆ ತುದಿಗೆ ಹೋದರು.

"ಅಂಬಾರಾಯ, ಇದು ಮೋಟರೋ ಒಂಟೆಯೋ? ನಾಳಿ ಘತ್ತರಗಿಗೆ ದೇವಿ ಉಡಿ ತುಂಬಾಕ ಹೋಗೋದದ. ಆವಾಗೂ ಹೊರಳಿದ್ರ, ನೀ ಮತ್ತ ಎತ್ತಿನ ಬಾಲ ಹಿಡಿ," ಎಂದರು.

ಡ್ರೈವರ್ ಅಂಬಾರಾಯ ಮೋಟರಿನ ವೇಗ ಕಡಿಮೆ ಮಾಡಿದ. ಎತ್ತಿನ ಬಾಲ ಬಿಡಲೆಂದೇ ಅವನು ಹೋದ ವರ್ಷ ತನ್ನ ಜೋಡೆತ್ತನ್ನು ಭೀಮಶಾನಿಗೆ ಮಾರಿ, ಡ್ರೈವರಿಕೆ ಕಲಿತು, ಖಾಕಿ ಟೋಪಿ ಹಾಕಿದ್ದ.

ಬೆಳಗಾಗುವುದರೊಳಗೆ ಕಮ್ಮಾರ ಕರೀಮಸಾಬನ ಮುಂದೆ ನಿಂತ. ಕರೀಮಸಾಬ ಗಾಲಿಗಳ ಮೇಲಿನ ನಾಲ್ಕೂ ಸ್ಪ್ರಿಂಗ್ ಕಮಾನುಗಳಿಂದ ಎರಡೆರಡು ಉಕ್ಕಿನ ಪಟ್ಟಿ ತೆಗೆದ. ಮೋಟರು ಕುಳಿತ ಎಮ್ಮೆಯಂತೆ ತಗ್ಗಿತು.

"ಇನ್ನ ತಿರುವಿನ್ಯಾಗ ವಾಲಂಗಿಲ್ಲ. ಖರೆ, ಹೊಟ್ಟಿ ನೆಲಕ್ಕ ಸಮೀಪ ಬಂದದ, ಹುಷಾರ್."

"ಎಷ್ಟು ಸಮೀಪ?" ಅಂಬಾರಾಯ ಮೂರು ಸಲ ಕೇಳಿದ.

"ಕೋಳಿ ನುಸುಳ್ತದ. ಹುಂಜ ಬಗ್ಗಬೇಕು."

ಗೌರಾಬಾಯಿ ಕಟ್ಟೆಯಿಂದ ನೇರ ಮೋಟರಿಗೆ ಕಾಲಿಟ್ಟರು. ಮಡಿಲ ತುಂಬ ತೆಂಗಿನಕಾಯಿ, ಅಕ್ಕಿ, ಖಣ. ದೇವಿಯ ಮೆಟ್ಟಿಲು ಮುಟ್ಟುವವರೆಗೆ ನೆಲಕ್ಕೆ ಕಾಲಿಡುವುದಿಲ್ಲವೆಂದು ಹರಕೆ. ಜಲ್ಲಿ ಹಾಕಿದ ಖಡಿ ರಸ್ತೆಯ ತಿರುವುಗಳಲ್ಲಿ ಮೋಟರು ಗೋಡೆಗೆ ಅಂಟಿದ ಹಲ್ಲಿಯಂತೆ ಸಾಗಿತು. ಒಂದು ಕಾಯಿಯೂ ಕದಲಲಿಲ್ಲ.

"ಶಾಣ್ಯಾ ಇದ್ದಿ," ಎಂದರು ಗೌರಾಬಾಯಿ. ಅಂಬಾರಾಯ ಟೋಪಿ ಓರೆ ಮಾಡಿಕೊಂಡ.

ಅಷ್ಟರಲ್ಲಿ ಖಡಿ ಮುಗಿದು ಎರೆಮಣ್ಣಿನ ಬಂಡಿದಾರಿ ಬಂತು. ಎರಡು ಕಡೆ ಬಂಡಿಗಾಲಿ ಕೊರೆದ ಆಳದ ಜಾಡು, ನಡುವೆ ದಿಬ್ಬ. ಎತ್ತರವಿದ್ದಾಗ ದಿಬ್ಬವನ್ನು ದಾಟುತ್ತಿದ್ದ ಮೋಟರು ಇಂದು ಮೊಟ್ಟೆಯ ಮೇಲೆ ಕೋಳಿಯಂತೆ ಅದರ ಮೇಲೆ ಕೂತುಬಿಟ್ಟಿತು. ಹಿಂದಿನ ಗಾಲಿಗಳು ನೆಲ ಹಿಡಿಯದೆ ಗರಗರ ತಿರುಗಿದವು.

ಹೊಲದಿಂದ ನಿಂಬೆವ್ವ ನಾಲ್ಕು ಹೆಂಗಸರೊಡನೆ ಬಂದಳು. "ಹಿಂದ ಭಾರ ಹಾಕಿದ್ರ ಗಾಲಿ ನೆಲ ಹಿಡೀತಾವ," ಎಂದು ಎಲ್ಲರನ್ನೂ ಹಿಂದೆ ಹತ್ತಿಸಿದಳು. ಹೊಟ್ಟೆ ಇನ್ನೆರಡು ಬೆರಳು ಹೂತಿತು. ಇಳಿದು ನಿಂತು ಎಲ್ಲರೂ ಗೌರಾಬಾಯಿಯವರ ಗಾತ್ರವನ್ನು ನೋಡಿದರು. ಅವರೊಬ್ಬರು ಇಳಿದರೆ ಮೋಟರು ಗೇಣು ಏಳುತ್ತಿತ್ತು.

"ಹೇಳು," ಎಂದು ನಿಂಬೆವ್ವ ಅಂಬಾರಾಯನಿಗೆ ಪಿಸುಗುಟ್ಟಿದಳು.

"ನೀ ಹೇಳ ಬೇ."

"ನಾ ಅವ್ರ ಹೊಲದಾಗ ದುಡಿಯಾಕಿ."

"ಏನದು ಗುಸುಗುಸು?" ಒಳಗಿನಿಂದ ದನಿ ಬಂತು.

"ಏನಿಲ್ರಿ ಅವ್ವಾರ, ಗಾಳಿ ಛಂದ ಬೀಸಾಕತ್ತದ ಅಂದೆ," ಎಂದ ಅಂಬಾರಾಯ.

ಕೊನೆಗೆ ಭೀಮಶಾ ಅದೇ ಜೋಡೆತ್ತು ಹೊಡೆದುಕೊಂಡು ಬಂದು ಹಗ್ಗ ಕಟ್ಟಿದ. ಎಷ್ಟು ಕೂಗಿದರೂ ಎತ್ತುಗಳು ಕದಲಲಿಲ್ಲ. ಅಂಬಾರಾಯ ರೂಢಿಯಂತೆ ಎಡಗಡೆಯ ಎತ್ತಿನ ಭುಜ ತಟ್ಟಿ ನಾಲಿಗೆ ಲೊಚಗುಟ್ಟಿದ. ಹಳೇ ಧಣಿಯನ್ನು ಗುರುತಿಸಿದ ಎತ್ತು ಅವನ ತಲೆಯನ್ನೆಲ್ಲ ನೆಕ್ಕಿ, ಒಂದೇ ಸೆಳೆತಕ್ಕೆ ಮೋಟರನ್ನು ದಿಬ್ಬದಿಂದ ಬಿಡಿಸಿತು. ಆದರೆ ಕಲ್ಲು ತಾಗಿ ಎಂಜಿನ್ನಿನ ಎಣ್ಣೆಯೆಲ್ಲ ಸೋರಿಹೋಗಿತ್ತು. ಹೀಗಾಗಿ ಮುಂದೆ ಅಂಬಾರಾಯ ಎತ್ತು ಹೊಡೆದ. ಭೀಮಶಾ ಒಳಗೆ ಕೂತು ಸ್ಟೇರಿಂಗ್ ಹಿಡಿದ. ದೇವಿಯ ಮೆಟ್ಟಿಲ ಬುಡಕ್ಕೇ ಮೋಟರು ನಿಂತಿತು.

ಅಂಬಾರಾಯ ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡ. ಗೌರಾಬಾಯಿ ನಕ್ಕರು.

"ಗದ್ಲಿಲ್ಲ, ಹೊಗಿ ಇಲ್ಲ, ಹೊರಳಾಟಿಲ್ಲ. ಎಂಥಾ ಆರಾಮ. ಲಡಾಯಿ ಕಾಲ, ಪೆಟ್ರೋಲೂ ಸಿಗವಲ್ದು. ಮೋಟರ್ ಹಿಂಗೇ ಇರ್ಲಿ. ಭೀಮಶಾ, ನೀನೂ ನಿನ್ನ ಎತ್ತೂ ನಾಳಿಂದ ನಮ್ಮಲ್ಲೇ ಇರ್ರಿ. ನೀ ಡ್ರೈವರ್. ಅಂಬಾರಾಯ, ಎತ್ತು ನಿನ್ನ ಮಾತು ಕೇಳ್ತಾವ, ಅವನ್ನ ನೀ ಹೊಡಿ. ಆ ಟೋಪಿ ಇವನಿಗೆ ಕೊಡು."

ಅಂಬಾರಾಯ ತಲೆ ಮುಟ್ಟಿ ನೋಡಿಕೊಂಡ. ಟೋಪಿ ಇರಲಿಲ್ಲ. ಎಡಗಡೆಯ ಎತ್ತು ಕಣ್ಣು ಅರೆಮುಚ್ಚಿ ಏನನ್ನೋ ನಿಧಾನವಾಗಿ ಅಗಿಯುತ್ತಿತ್ತು.