ಟ್ಯಾಂಕಪ್ಪನ ಒಂದು ದಿನದ ನಡಿಗೆ

ಹೊಟ್ಟೆಗೆ ಹಾಕಿಕೊಳ್ಳುವುದು ಟ್ಯಾಂಕಪ್ಪನ ಕೆಲಸವೇ ಆಗಿತ್ತು. ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಅವನು ಕೂರುತ್ತಿದ್ದ. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರಿನಲ್ಲಿ ಮಣ್ಣು ಕಂಡವರು, ನೀರಿಲ್ಲದೆ ಬಿಲ್ಲು ಮಾತ್ರ ಬಂದವರು, ಎಲ್ಲರೂ ಬಂದು ಮೊದಲು ಅವನನ್ನು ಬೈಯುತ್ತಿದ್ದರು. ಬೈದು ಸುಸ್ತಾದ ಮೇಲೆ, “ನಿಮ್ಮದೇನೂ ತಪ್ಪಿಲ್ಲ ಬಿಡಿ, ಏನೋ ಬಾಯಿಗೆ ಬಂತು, ಹೊಟ್ಟೆಗೆ ಹಾಕ್ಕೊಳ್ಳಿ” ಎಂದು ಹೋಗುತ್ತಿದ್ದರು. ಟ್ಯಾಂಕಪ್ಪ ಮೇಜಿನ ಡ್ರಾಯರ್ ಎಳೆದು ಹಾಕಿಕೊಳ್ಳುತ್ತಿದ್ದ. ಸಾಧಾರಣ ಬೈಗುಳಕ್ಕೆ ಬಿಸ್ಕತ್ತು. ಹೆತ್ತವರನ್ನೂ ನಡುವೆ ಎಳೆದು ತಂದ ಬೈಗುಳಕ್ಕೆ ಕ್ರೀಮ್ ಬನ್ನು.

ಆ ಹೆತ್ತವರು ಇಟ್ಟ ಹೆಸರು ಈಗ ಅವನ ಹೆಂಡತಿಗೂ ಸರಿಯಾಗಿ ನೆನಪಿರಲಿಲ್ಲ. “ನಮ್ಮ ಇಲಾಖೆಯಲ್ಲಿ ಸದಾ ತುಂಬಿರೋ ಟ್ಯಾಂಕು ಇದೊಂದೇ” ಎಂದು ಪಕ್ಕದ ಕೌಂಟರಿನ ಕ್ಯಾಷಿಯರ್ ಒಮ್ಮೆ ಅಂದದ್ದೇ ತಡ, ಊರಿಗೆಲ್ಲ ಅವನು ಟ್ಯಾಂಕಪ್ಪನಾದ. ಅದನ್ನೂ ಅವನು ಹೊಟ್ಟೆಗೆ ಹಾಕಿಕೊಂಡ.

ತೊಂದರೆ ಶುರುವಾದದ್ದು ಡಾಕ್ಟರಮ್ಮನಿಂದ. ತೂಕದ ಯಂತ್ರದ ಮುಳ್ಳು ಎಲ್ಲಿಗೆ ಹೋಗಿ ನಿಂತಿದೆ ಎಂದು ಬಗ್ಗಿ ನೋಡಿದ ಆಕೆ ಕನ್ನಡಕ ತೆಗೆದಿಟ್ಟು ಕೇಳಿದ್ದರು.

“ಹಸಿವಾಗಿ ತಿಂತೀರೋ, ಬೇಜಾರಾಗಿ ತಿಂತೀರೋ?”

“ಬೇಜಾರಾದ್ರೆ ಹಸಿವಾಗುತ್ತೆ ಮೇಡಂ.”

“ಹಾಗಾದ್ರೆ ಹೊಟ್ಟೆಗೆ ಹಾಕ್ಕೊಳ್ಳೋದನ್ನ ಬಿಡಿ, ಕಾಲಿಗೆ ಹಾಕಿ. ಬೇಜಾರಾದ ತಕ್ಷಣ ಎದ್ದು ನಡೀರಿ. ಅದು ಹೋಗೋವರೆಗೂ ನಿಲ್ಲೋ ಹಾಗಿಲ್ಲ. ಆಗಲ್ಲ ಅಂದ್ರೆ ಆ ಹಾಳು ಸೀಟನ್ನಾದ್ರೂ ಬದಲಾಯಿಸಿಕೊಳ್ಳಿ. ಹೀಗೇ ಇದ್ರೆ ನಿಮ್ಮ ಹೃದಯ ಬಹಳ ದಿನ ತಡ್ಕೊಳ್ಳಲ್ಲ.”

ಟ್ಯಾಂಕಪ್ಪನಿಗೆ ನಿಜವಾಗಿಯೂ ಭಯವಾಯಿತು. ಮಗಳು ಇನ್ನೂ ಶಾಲೆಗೆ ಹೋಗುವವಳು. ಅವನು ಎರಡನ್ನೂ ಮಾಡಿಬಿಡೋಣವೆಂದು ಸಾಹೇಬರ ಕೋಣೆಗೆ ಹೋಗಿ, ತನ್ನನ್ನು ಮೀಟರ್ ಗೋದಾಮಿಗೆ ಹಾಕಿ ಎಂದು ಕೈ ಮುಗಿದ. ಕೆಟ್ಟುಹೋದ ಮೀಟರುಗಳನ್ನು ರಾಶಿ ಹಾಕಿಟ್ಟ ಕತ್ತಲೆ ಕೋಣೆ ಅದು. ಅಲ್ಲಿಗೆ ಯಾರೂ ಹೋಗುವುದಿಲ್ಲ. ಕೆಟ್ಟ ಮೀಟರುಗಳು ಯಾರನ್ನೂ ಬೈಯುವುದಿಲ್ಲ.

“ಆಯ್ತಪ್ಪ, ಆರ್ಡರ್ ಟೈಪ್ ಮಾಡಿಸಿಡ್ತೀನಿ. ನಾಳೆ ಸಂಜೆ ಸಹಿ ಹಾಕ್ತೀನಿ” ಎಂದರು ಸಾಹೇಬರು. “ಆದ್ರೆ ಅಲ್ಲೀತನಕ ನಿನ್ನ ಕೌಂಟರ್ ಮುಂದೆ ಒಂದು ಸಣ್ಣ ಗಲಾಟೆ ಆದರೂ ಹರಿದು ಹಾಕ್ತೀನಿ ನೋಡು.”

ಮರುದಿನ ಬೆಳಿಗ್ಗೆ ಹೆಂಡತಿ ಸೌತೆಕಾಯಿ ಹೆಚ್ಚಿ ಡಬ್ಬಿಗೆ ತುಂಬಿದಳು. “ರೀ, ಇದನ್ನ ಬಿಟ್ಟು ಇನ್ನೇನೂ ಮುಟ್ಟಲ್ಲ ಅಂತ ಮಾತು ಕೊಡಿ” ಎಂದಳು. ಅವನು ಕೊಟ್ಟ. ಕಚೇರಿಗೆ ಬಂದ ಕೂಡಲೇ ಕ್ಯಾಷಿಯರ್ ಆ ಡಬ್ಬಿಯನ್ನು ತೆರೆದು ನೋಡಿ ಲೊಚಗುಟ್ಟಿದ.

“ಡಯಟ್ ಶುರು ಮಾಡೋ ದಿನಾನೇ ಇಷ್ಟೊಂದು ತಿಂತಾರೇನ್ರೀ? ನಮ್ಮ ಭಾವ ಹೀಗೇ ಮಾಡಿ ಇನ್ನೂ ಊದಿಕೊಂಡ್ರು. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ” ಎನ್ನುತ್ತ, ಉಪ್ಪು ಹಚ್ಚಿಕೊಂಡು, ಟ್ಯಾಂಕಪ್ಪನ ಒಳ್ಳೆಯದಕ್ಕಾಗಿ ಅವನು ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿದ.

ಟ್ಯಾಂಕಪ್ಪನಿಗೆ ಅಲ್ಲೇ ಮೊದಲ ಬೇಜಾರಾಯಿತು. ಅಷ್ಟರಲ್ಲಿ ಬಾಗಿಲು ತೆರೆಯಿತು, ಜನ ಸಾಲುಗಟ್ಟಿದರು. ಎಲ್ಲರಿಗಿಂತ ಮುಂದೆ ಖಾಲಿ ಬಕೆಟ್ ಹಿಡಿದ ಒಬ್ಬ ಹೆಂಗಸು. ಅದನ್ನು ಕೌಂಟರಿನ ಮೇಲೆ ಕುಕ್ಕಿ ಆಕೆ ಶುರು ಮಾಡಿದಳು.

“ಏನ್ರೀ, ಕೂತು ಕೂತು ಬೆಳೀತಾ ಇದೀರಲ್ಲ, ನಾಚಿಕೆ ಆಗಲ್ವಾ? ವಾರದಿಂದ ನಮ್ಮನೇಲಿ ಒಂದು ಹನಿ ನೀರಿಲ್ಲ!”

ಟ್ಯಾಂಕಪ್ಪನ ಕೈ ಅದರಷ್ಟಕ್ಕೆ ಅದೇ ಡ್ರಾಯರಿಗೆ ಹೋಯಿತು. ಡ್ರಾಯರ್ ಖಾಲಿಯಿತ್ತು. ಹೆಂಡತಿ ಹಿಂದಿನ ದಿನವೇ ಬಂದು ಬಳಿದುಕೊಂಡು ಹೋಗಿದ್ದಳು. ಡಾಕ್ಟರಮ್ಮನ ಮಾತು ನೆನಪಾಗಿ ಅವನು ಎದ್ದು ನಿಂತ. ಆ ಕುರ್ಚಿಯಿಂದ ಕೆಲಸದ ಹೊತ್ತಿನಲ್ಲಿ ಅವನು ಎದ್ದದ್ದನ್ನು ಕಂಡವರಿರಲಿಲ್ಲ. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

“ಅಮ್ಮಾ, ಬನ್ನಿ. ನಡೀತಾ ಬೈಯಿರಿ” ಎಂದು ಟ್ಯಾಂಕಪ್ಪ ಹೊರಟೇಬಿಟ್ಟ.

ಕಚೇರಿಯ ಸುತ್ತ ಒಂದು ಸುತ್ತು ಹಾಕಿ ಬರುವುದು ಅವನ ಎಣಿಕೆ. ಗೇಟು, ಬೇಕರಿ, ದರ್ಜಿ ಅಂಗಡಿ, ಹಿಂದಿನ ಓಣಿ, ಮತ್ತೆ ಗೇಟು. ಬಕೆಟ್ಟಿನ ಹೆಂಗಸು ಬೈಯುತ್ತ ಪಕ್ಕದಲ್ಲಿ ನಡೆದಳು. ಆಕೆಯ ಹಿಂದೆ ನಿಂತಿದ್ದ ನಿವೃತ್ತ ಮೇಷ್ಟ್ರು, ತಮ್ಮ ಸರದಿ ತಪ್ಪಿಹೋದರೆ ಎಂದು ಕೊಡೆ ಊರುತ್ತ ಹಿಂಬಾಲಿಸಿದರು. ಮೇಷ್ಟ್ರ ಹಿಂದಿನವರು ಮೇಷ್ಟ್ರನ್ನು ನಂಬಿದರು. ಹೀಗೆ ಕ್ಯೂ ಒಂದು ಕೊಂಡಿಯೂ ಕಳಚದೆ ಕಚೇರಿಯಿಂದ ಹೊರಗೆ ಬಂತು. ಕೌಂಟರ್ ಮುಂದೆ ಗಲಾಟೆ ಆಗಬಾರದು ಎಂದಿದ್ದರು ಸಾಹೇಬರು. ಕೌಂಟರ್ ಮುಂದೆ ಈಗ ನರಪಿಳ್ಳೆಯೂ ಇರಲಿಲ್ಲ.

ಒಂದು ಸುತ್ತು ಮುಗಿಯುವ ಹೊತ್ತಿಗೆ ಬಕೆಟ್ಟಿನ ಹೆಂಗಸಿಗೆ ಏದುಸಿರು ಬಂದು ಬೈಗುಳ ಅರ್ಧಕ್ಕೇ ನಿಂತಿತು. ಆಮೇಲೆ ಮೇಷ್ಟ್ರ ಸರದಿ. ಅವರು ವ್ಯಾಕರಣಬದ್ಧವಾಗಿ ಬೈದರು. ಟ್ಯಾಂಕಪ್ಪನಿಗೆ ಒಂದು ಅಚ್ಚರಿಯ ಸಂಗತಿ ಗೊತ್ತಾಯಿತು: ನಡೆಯುವಾಗ ಬೈಗುಳ ಅಷ್ಟಾಗಿ ನಾಟುವುದಿಲ್ಲ. ಕಾಲು ನೋಯುತ್ತಿತ್ತು, ಮನಸ್ಸು ನೋಯುತ್ತಿರಲಿಲ್ಲ. ಬೇಕರಿಯ ಬಿಸಿ ಬನ್ನಿನ ವಾಸನೆ ಮೂಗಿಗೆ ಬಡಿದಾಗಲೂ ಅವನು ತಲೆ ತಿರುಗಿಸದೆ ದಾಟಿದ. ಜೀವನದಲ್ಲಿ ಮೊದಲ ಬಾರಿ ಅವನಿಗೆ ತನ್ನ ಮೇಲೆ ಹೆಮ್ಮೆಯೆನಿಸಿತು.

ಸಾಲು ಬೆಳೆಯಿತು. ಸಾಲು ಕಂಡರೆ ನಿಲ್ಲುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಎಲ್ಲೋ ನೀರಿನ ಲಾರಿ ಬಂದಿದೆಯೆಂದು ಕೆಲವರು ಕೊಡ ಹಿಡಿದು ಓಡಿ ಬಂದು ಸೇರಿಕೊಂಡರು. ಬಕೆಟ್ಟಿನ ಹೆಂಗಸು ಬೈಯಲು ಉಸಿರಿಲ್ಲದೆ ಬಕೆಟ್ ಬಡಿಯತೊಡಗಿದಳು. ಹೆಜ್ಜೆಗಳು ಅದಕ್ಕೆ ಸರಿಯಾಗಿ ಬೀಳತೊಡಗಿದವು.

“ಸ್ವಲ್ಪ ನಿಂತ್ಕೊಳ್ಳೋಣ್ವಾ?” ಎಂದು ಕೇಳಿದರು ಮೇಷ್ಟ್ರು, ಮಂಡಿ ಉಜ್ಜಿಕೊಳ್ಳುತ್ತ.

“ನಿಲ್ಲೋ ಹಾಗಿಲ್ಲ!” ಎಂದ ಟ್ಯಾಂಕಪ್ಪ.

“ಏನಂದ್ರು?” ಎಂದು ಹಿಂದಿನಿಂದ ಯಾರೋ ಕೂಗಿದರು.

“ನಿಲ್ಲೋ ಹಾಗಿಲ್ಲ ಅಂತೆ!” ಎಂದು ಮೇಷ್ಟ್ರು ತರಗತಿಗೆ ಕೇಳಿಸುವ ದನಿಯಲ್ಲಿ ಹೇಳಿದರು.

“ನಿಲ್ಲೋ ಹಾಗಿಲ್ಲ! ನಿಲ್ಲೋ ಹಾಗಿಲ್ಲ!” ಎಂದು ಸಾಲು ಬಕೆಟ್ಟಿನ ತಾಳಕ್ಕೆ ಹಾಡತೊಡಗಿತು. ದರ್ಜಿ ಅಂಗಡಿಯವನು ಒಂದು ಕೆಂಪು ಬಟ್ಟೆಯ ತುಂಡನ್ನು ಕೋಲಿಗೆ ಕಟ್ಟಿ ಟ್ಯಾಂಕಪ್ಪನ ಕೈಗೆ ಕೊಟ್ಟ. ವಾಹನಗಳಿಗೆ ಕಾಣಲಿ ಎಂದು ಕೊಟ್ಟಿದ್ದಾನೆಂದುಕೊಂಡು ಟ್ಯಾಂಕಪ್ಪ ಅದನ್ನು ಎತ್ತಿ ಹಿಡಿದ.

ಮಧ್ಯಾಹ್ನ ಕಳೆಯಿತು. ಬೇಕರಿಯ ಯಜಮಾನ ಕರುಳು ಚುರುಕ್ಕೆಂದು, ತಟ್ಟೆಯಲ್ಲಿ ಕ್ರೀಮ್ ಬನ್ನು ಇಟ್ಟುಕೊಂಡು ರಸ್ತೆಗೇ ಬಂದ. “ತಗೊಳ್ಳಿ ಅಣ್ಣಾ, ಮುಖ ಎಲ್ಲ ಬಾಡಿ ಹೋಗಿದೆ.”

ಟ್ಯಾಂಕಪ್ಪ ಬನ್ನನ್ನು ನೋಡಿದ. ಬನ್ನಿನಲ್ಲಿ ಕ್ರೀಮು ಎರಡೂ ಕಡೆಯಿಂದ ಹೊರಗೆ ಇಣುಕುತ್ತಿತ್ತು. ಅವನ ಕಣ್ಣಲ್ಲಿ ನೀರಾಡಿತು.

“ಬೇಡಪ್ಪ. ಇವತ್ತು ನಾನು ಏನೂ ತಿನ್ನಲ್ಲ. ಮಾತು ಕೊಟ್ಟಿದೀನಿ.”

ಯಾರಿಗೆ ಎಂಬುದನ್ನೂ ಅವನು ಹೇಳಿದ. ಆದರೆ ಹೆಂಡತಿಯ ಹೆಸರು ಬಕೆಟ್ಟಿನ ಸದ್ದಿನಲ್ಲಿ ಮುಳುಗಿಹೋಯಿತು.

“ಕೇಳಿದ್ರೇನ್ರೀ?” ಮೇಷ್ಟ್ರು ಸಾಲಿನತ್ತ ತಿರುಗಿದರು. “ನಾವು ಬಾಯಿಗೆ ಬಂದ ಹಾಗೆ ಬೈದ್ವಿ. ಇವರು ನಮಗೋಸ್ಕರ ಉಪವಾಸ ಮಾಡ್ತಿದಾರೆ!”

ಸಾಲಿನಲ್ಲಿ ಕೆಲವರು ಅತ್ತರು. ಬಕೆಟ್ಟಿನ ಹೆಂಗಸು ತನ್ನ ಸೆರಗಿನಿಂದ ಟ್ಯಾಂಕಪ್ಪನ ಹಣೆ ಒರೆಸಿದಳು.

ಮೀಟಿಂಗ್ ಮುಗಿಸಿ ಬಂದ ಸಾಹೇಬರು ಕಿಟಕಿಯಿಂದ ಕಂಡದ್ದು ಇದು: ಕಚೇರಿಯನ್ನು ಸುತ್ತುವರಿದ ಜನಸಾಗರ, ಅದರ ಮುಂಚೂಣಿಯಲ್ಲಿ ಕೆಂಪು ಬಾವುಟ ಹಿಡಿದ ತಮ್ಮದೇ ಗುಮಾಸ್ತ. ಅವರು ಕ್ಯಾಷಿಯರನ್ನು ಕರೆಸಿದರು.

“ಬೆಳಿಗ್ಗೆಯಿಂದ ಒಂದು ತುತ್ತೂ ಮುಟ್ಟಿಲ್ಲ ಸಾರ್” ಎಂದ ಕ್ಯಾಷಿಯರ್. ಈ ವಿಷಯದಲ್ಲಿ ಅವನಷ್ಟು ಖಚಿತವಾಗಿ ಹೇಳಬಲ್ಲವರು ಬೇರೆ ಇರಲಿಲ್ಲ. “ಬಿದ್ದು ಗಿದ್ದು ಹೋದ್ರೆ ನಮ್ಮ ತಲೆಗೇ ಬರುತ್ತೆ.”

ಸಾಹೇಬರು ಗೇಟಿಗೆ ಇಳಿದು ಬಂದರು. ಕೈಯಲ್ಲಿ ಗೋದಾಮಿನ ಆರ್ಡರ್ ಇತ್ತು. ಸಹಿಯನ್ನು ಆಗಲೇ ಹಾಕಿದ್ದರು. ಕೊಟ್ಟು ಕಳಿಸಿದರೆ ಇವನಾದರೂ ತಣ್ಣಗಾಗುತ್ತಾನೆಂಬ ಲೆಕ್ಕ ಅವರದು. ಟ್ಯಾಂಕಪ್ಪನಿಗೆ ಆ ಸಹಿ ದೂರದಿಂದಲೇ ಕಂಡಿತು. ಎದೆ ತುಂಬಿ ಬಂತು. ಗೋದಾಮಿನ ತಣ್ಣನೆಯ ಕತ್ತಲೆ, ಮಾತಾಡದ ಮೀಟರುಗಳು, ಎಲ್ಲ ಕಣ್ಣಮುಂದೆ ನಿಂತವು.

“ಏನಪ್ಪಾ ನಿಮ್ಮ ಬೇಡಿಕೆ?” ಎಂದು ಸಾಹೇಬರು ಕೇಳಿದರು. ನೀರು ಕೇಳಿದರೆ ಕೊಡಲು ಅವರ ಹತ್ತಿರ ನೀರಿರಲಿಲ್ಲ.

ಟ್ಯಾಂಕಪ್ಪ ಬಾಯಿ ತೆರೆದ. ಆರ್ಡರಿನತ್ತ ಕೈ ಚಾಚಿದ. ಅಷ್ಟರಲ್ಲಿ ಮೇಷ್ಟ್ರು ಕೊಡೆ ಎತ್ತಿ ಅವನ ಮುಂದೆ ಬಂದು ನಿಂತರು.

“ಅವರು ತಮಗೋಸ್ಕರ ಏನೂ ಕೇಳಲ್ಲ ಸ್ವಾಮಿ, ನಾವು ಕೇಳ್ತೀವಿ. ಇಷ್ಟು ವರ್ಷಕ್ಕೆ ನಮ್ಮ ಕಷ್ಟ ಕೇಳೋಕೆ ಕುರ್ಚಿ ಬಿಟ್ಟು ಎದ್ದು ಬಂದ ಅಧಿಕಾರಿ ಇವರೊಬ್ಬರೇ. ಇಂಥವರನ್ನ ಯಾವುದೋ ಗೋದಾಮಿಗೆ ತಳ್ತಿದೀರಂತೆ. ನಿಮ್ಮ ಕ್ಯಾಷಿಯರ್ ಈಗ ತಾನೇ ಹೇಳಿದ್ರು. ಒಂದೇ ಬೇಡಿಕೆ: ಇವರು ರಿಟೈರ್ ಆಗೋವರೆಗೂ ಈ ಕೌಂಟರ್ ಬಿಟ್ಟು ಅಲ್ಲಾಡಬಾರದು!”

“ಅಲ್ಲಾಡಬಾರದು! ಅಲ್ಲಾಡಬಾರದು!” ಎಂದು ರಸ್ತೆ ಗುಡುಗಿತು.

“ಅಷ್ಟೇನಾ?” ಎಂದ ಸಾಹೇಬರ ಮುಖದಲ್ಲಿ ಬೆಳಗಿನಿಂದ ಕಾಣದ ಕಳೆ ಬಂತು. ನೀರಿನ ಮಾತನ್ನು ಯಾರೂ ಎತ್ತದಿರುವುದನ್ನು ಖಚಿತ ಮಾಡಿಕೊಂಡು, ಅವರು ಆರ್ಡರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ನಾಲ್ಕು ಚೂರು ಮಾಡಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಕೊಡ ತಂದವರು ಕೊಡ ಬಡಿದರು.

ಟ್ಯಾಂಕಪ್ಪ ಬಗ್ಗಿ ಚೂರುಗಳನ್ನು ಆರಿಸಲು ಹೋದ. ಅಭಿಮಾನಿಗಳು ಅವನನ್ನು ಎತ್ತಿ ಕೂರಿಸಲು ನೋಡಿದರು. ಎತ್ತಲಾಗದೆ ಬೇಕರಿಯಿಂದ ಕುರ್ಚಿ ತರಿಸಿ ಕೂರಿಸಿದರು. ಉಪವಾಸ ಬಿಡಿಸುವ ಮೊದಲ ತುತ್ತು ಸಾಹೇಬರದು. ಅವನು ಬೇಡವೆಂದು ತಲೆಯಾಡಿಸುತ್ತಿರುವಾಗಲೇ ಅವರು ಕ್ರೀಮ್ ಬನ್ನಿನ ಒಂದು ಚೂರನ್ನು ಬಾಯಿಗೆ ತುರುಕಿದರು. ಆಮೇಲೆ ಮೇಷ್ಟ್ರು, ಆಮೇಲೆ ಬಕೆಟ್ಟಿನ ಹೆಂಗಸು. ಇಡೀ ಸಾಲು ಶಿಸ್ತಿನಿಂದ ತನ್ನ ಸರದಿಗಾಗಿ ನಿಂತಿತು.

ಸಂಜೆಯಾಯಿತು. ಜನ ಸಂತೋಷದಿಂದ, ಖಾಲಿ ಕೊಡಗಳೊಂದಿಗೆ ಮನೆಗೆ ಹೋದರು. ಬೇಕರಿಯವನು ಕುರ್ಚಿ ಒಳಗೆ ತೆಗೆದುಕೊಂಡು ಹೋಗಲು ಬಂದ. ಟ್ಯಾಂಕಪ್ಪ ಏಳಲಿಲ್ಲ.

“ಅಣ್ಣಾ, ಗೆದ್ದುಬಿಟ್ರಿ. ಇನ್ನೇನು ಬೇಕು?” ಎಂದ ಅವನು.

“ಕ್ರೀಮ್ ಬನ್ನು” ಎಂದ ಟ್ಯಾಂಕಪ್ಪ. “ಇನ್ನೆರಡಿದ್ರೆ ಕೊಡು.”