ನಮ್ಮ ಮೇಡಂಗೆ ಸನ್ಮಾನ ಮಾಡಿದ್ದು

ಪೀಣ್ಯದಲ್ಲಿ ನಾನು ಕೆಲಸ ಮಾಡುವ ಶೆಡ್ಡಿನಲ್ಲಿ ನಗುವಂಥದ್ದು ಏನಾದರೊಂದು ನಡೆಯದೆ ವಾರ ಮುಗಿಯುವುದಿಲ್ಲ. ಕಾರಣ ನಮ್ಮ ಮೇಡಂ. ಕಬ್ಬಿಣ ಕಡೆಯುವ ಆರು ಲೇತ್ ಮೆಷಿನ್ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತಾರೆ. ದಾಸರಹಳ್ಳಿಯ ನಮ್ಮ ಬೀದಿಯ ಸಂಘಕ್ಕೂ ಅವರೇ ಅಧ್ಯಕ್ಷೆ. ನಾನು ವಿಜಯಪುರದ ಕಡೆಯವನು, ಕೆಲಸ ಕಲಿತದ್ದು ಅವರ ಹತ್ತಿರ, ಬಾಡಿಗೆಗಿರುವುದು ಅದೇ ಬೀದಿಯಲ್ಲಿ. ಹಾಗಾಗಿ ಎಲ್ಲಿಯೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಓನರ್ ಎಲ್ಲಿ?

ಹೊಸ ಕಂಪನಿಯೊಂದರ ಇಂಜಿನಿಯರ್ ಡ್ರಾಯಿಂಗ್ ಹಿಡಿದು ಬಂದರು. ಮೇಡಂ ಎಣ್ಣೆ ಮೆತ್ತಿದ ಕೋಟು ಹಾಕಿಕೊಂಡು ಮೆಷಿನ್ ಪಕ್ಕ ನಿಂತಿದ್ದರು. ಓನರ್ ಬರುವ ತನಕ ಕೂತಿರುತ್ತೇನೆ, ಒಂದು ಕಾಫಿ ತರಿಸಮ್ಮ ಅಂದರು ಆತ. ಮೇಡಂ ತರಿಸಿದರು. ಆತ ಕುಡಿದು ಮುಗಿಸುವಷ್ಟರಲ್ಲಿ ಮೇಡಂ ಡ್ರಾಯಿಂಗ್ ನೋಡಿ, ಈ ಅಳತೆಗೆ ತೂತು ಕೊರೆದರೆ ಬೋಲ್ಟು ನಿಲ್ಲುವುದಿಲ್ಲ, ಜಾರಿ ಕೆಳಗೆ ಬೀಳುತ್ತದೆ ಅಂತ ತೋರಿಸಿದರು. ಆತ ತಮ್ಮ ಆಫೀಸಿಗೆ ಫೋನ್ ಮಾಡಿದರು. ತಪ್ಪು ಅವರದೇ.

"ನಿಮ್ಮಂಥವರು ಸಿಗೋಕೆ ನಿಮ್ಮ ಓನರ್ ಪುಣ್ಯ ಮಾಡಿದ್ರು ಕಣಮ್ಮ."

"ಅವರೂ ಹಾಗೇ ಹೇಳ್ತಾರೆ ಸಾರ್," ಅಂದರು ಮೇಡಂ. "ದಿನಾ ಬೆಳಿಗ್ಗೆ, ಕನ್ನಡಿ ಮುಂದೆ ನಿಂತಾಗ."

ದಾಖಲೆಯಲ್ಲಿಲ್ಲದ ಸ್ಟಾಪ್

ಮಾಕಳಿ ಹತ್ತಿರದ ಗಾರ್ಮೆಂಟ್ಸ್‌ಗೆ ಹೋಗುವ ನಮ್ಮ ಬೀದಿಯ ಹೆಂಗಸರಿಗೆ ಗೇಟಿನ ಬಳಿ ಬಸ್ ನಿಲ್ಲುತ್ತಿರಲಿಲ್ಲ. ಮುಂದೆ ಎಲ್ಲೋ ಇಳಿದು ಲಾರಿಗಳ ಪಕ್ಕದಲ್ಲೇ ವಾಪಸ್ ನಡೆಯಬೇಕು. ಒಬ್ಬಾಕೆಗೆ ಲಾರಿ ತಗುಲಿ ಕಾಲು ಮುರಿಯಿತು. ಮೇಡಂ ಅರ್ಜಿ ಹಿಡಿದು ಬಸ್ಸಿನವರ ಕಚೇರಿಗೆ ನಾಲ್ಕು ಸಲ ಅಲೆದರು. ಅಲ್ಲಿ ಸ್ಟಾಪ್ ಇರುವ ದಾಖಲೆ ಇಲ್ಲ ಅಂದರು. ಇಲ್ಲ ಅಂತಲೇ ತಾನೇ ಅರ್ಜಿ ಕೊಟ್ಟಿರುವುದು ಅಂತ ಇವರು.

ಐದನೇ ಸಲ ಹೋಗಲಿಲ್ಲ. ಶೆಡ್ಡಿನಲ್ಲೇ ಕಬ್ಬಿಣದ ಕಂಬ, ತಗಡಿನ ಬೋರ್ಡು ಮಾಡಿಸಿ, ಬಣ್ಣ ಬಳಿಸಿ, ಬಸ್ ಸ್ಟಾಪ್ ಅಂತ ಬರೆಸಿ, ಭಾನುವಾರ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಗೇಟಿನ ಬಳಿ ನೆಡಿಸಿಬಿಟ್ಟರು. ಸೋಮವಾರ ಮೊದಲ ಬಸ್ಸು ನಿಂತಿತು. ಆಮೇಲೆ ಎಲ್ಲವೂ ನಿಂತವು.

ತಿಂಗಳಾದ ಮೇಲೆ ಅರ್ಜಿಯ ಪರಿಶೀಲನೆಗೆ ಅಂತ ಸಾಹೇಬರೊಬ್ಬರು ಬಂದು ಕಂಬ ಅಲುಗಾಡಿಸಿ ನೋಡಿದರು. ನಾನು ಮೆಲ್ಲಗೆ ಮೇಡಂ ಹಿಂದೆ ಸರಿದೆ.

"ಏನಮ್ಮ, ನಾವು ಇಷ್ಟು ಗಟ್ಟಿ ಸ್ಟಾಪ್ ಹಾಕಿಕೊಟ್ಟಿದ್ದೀವಿ, ಆದ್ರೂ ಇಲ್ಲ ಅಂತ ಅರ್ಜಿ ಕೊಟ್ಟಿದ್ದೀರಲ್ಲ" ಅಂತ ಗದರಿದರು.

ಮೇಡಂ ಕ್ಷಮೆ ಕೇಳಿ, ಅದನ್ನು ದಾಖಲೆಯಲ್ಲೂ ಬರೆದುಕೊಳ್ಳಿ ಸಾರ್ ಅಂದರು. ಬರೆದುಕೊಂಡರು.

ಎರಡು ನಿಮಿಷ

ರಾಜ್ಯೋತ್ಸವದ ದಿನ ಮೇಡಂಗೆ ಸನ್ಮಾನ ಮಾಡಬೇಕು ಅಂತ ಬೀದಿಯವರೆಲ್ಲ ತೀರ್ಮಾನಿಸಿದರು. ಮೊದಲೇ ಹೇಳಿದರೆ ಅವರು ಒಪ್ಪುವವರಲ್ಲ. ಅದಕ್ಕೆ ಸಂಘದ ಕಾರ್ಯದರ್ಶಿಗಳಾದ ನನ್ನ ಬಾಡಿಗೆ ಮನೆಯ ಯಜಮಾನರು, ಯಾರಿಗೋ ಒಬ್ಬರಿಗೆ ಸನ್ಮಾನ, ಹೆಸರು ಆಮೇಲೆ ಹೇಳ್ತೀವಿ ಅಂದುಬಿಟ್ಟರು. ಮೇಡಂ ಎಂದಿನಂತೆ ಶಾಮಿಯಾನದಿಂದ ಊಟದವರೆಗೆ ಎಲ್ಲ ತಾವೇ ಗೊತ್ತು ಮಾಡಿದರು. ಸನ್ಮಾನ ಮಾಡಿಸಿಕೊಂಡವರು ಮೈಕ್ ಬಿಡುವುದಿಲ್ಲ, ಜನ ಹಸಿದು ಕೂತಿರುತ್ತಾರೆ ಅಂತ ಒಂದು ನಿಯಮವನ್ನೂ ಮಾಡಿದರು: ಯಾರೇ ಆಗಲಿ ಎರಡೇ ನಿಮಿಷ, ಆದ ಕೂಡಲೇ ಗಂಟೆ. ಗಂಟೆ ನನ್ನ ಕೈಗೆ ಕೊಟ್ಟರು.

ವೇದಿಕೆಯಿಂದ ತಮ್ಮ ಹೆಸರು ಕೂಗಿದಾಗ, ಅದೇ ಹೆಸರಿನವರು ಇನ್ಯಾರಾದರೂ ಇದ್ದಾರೇನೋ ಅಂತ ಮೇಡಂ ಹಿಂದೆ ತಿರುಗಿ ನೋಡಿದರು. ಶಾಲು ಹೊದಿಸಿ, ಹಾರ ಹಾಕಿ ಮೈಕ್ ಮುಂದೆ ನಿಲ್ಲಿಸಿದೆವು. ಹುಡುಗಿಯರಿಗೆ ಲೇತ್ ಕಲಿಸಲ್ಲ ಅಂತ ಏಳು ಶೆಡ್ಡಿನವರು ವಾಪಸ್ ಕಳಿಸಿದ್ದು, ಎಂಟನೆಯವರು ಕಸ ಗುಡಿಸಲು ಸೇರಿಸಿಕೊಂಡಿದ್ದು, ಊಟದ ಬಿಡುವಿನಲ್ಲಿ ಕದ್ದು ಮೆಷಿನ್ ಕಲಿತಿದ್ದು, ಒಂದೊಂದಾಗಿ ಹೇಳತೊಡಗಿದರು. ಹೇಳುತ್ತಾ ಅತ್ತುಬಿಟ್ಟರು. ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎರಡು ನಿಮಿಷ ಆಯಿತು, ಮೂರಾಯಿತು. ಗಂಟೆ ಹೊಡೆಯಲು ನನಗೆ ಕೈ ಬರಲಿಲ್ಲ.

ಮೇಡಂ ತಟ್ಟನೆ ವಾಚು ನೋಡಿಕೊಂಡು ಮೈಕಿನಲ್ಲೇ ಕೇಳಿದರು. "ಯಾಕೋ, ಗಂಟೆ ಎಲ್ಲಿ?"

"ನೀವು ಅಳಾಕತ್ತಿದ್ರಲ್ರೀ ಮೇಡಂ."

"ಅಳೋದೂ ಎರಡು ನಿಮಿಷದೊಳಗೇ ಮುಗೀಬೇಕು. ಹೊಡಿ."

ಹೊಡೆದೆ. ಮೇಡಂ ಶಾಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಊಟಕ್ಕೆ ಎಲೆ ಹಾಕಿಸಲು ಇಳಿದು ಹೋದರು.